ಲಿಂಕ್ಡ್‌ಇನ್ ವಿಮರ್ಶೆ: ವೃತ್ತಿಯ ಒಡನಾಟಕ್ಕೆ ಇದು ಎಷ್ಟು ಒದಗುತ್ತದೆ?

ವೃತ್ತಿಪರರ ಜಾಲತಾಣವಾದ ಲಿಂಕ್ಡ್‌ಇನ್‌ನ ಸೆಟ್ಟಿಂಗ್ಸ್‌ನಲ್ಲಿ, ಬಹಳ ಜನ ತೆರೆದು ನೋಡದ ಒಂದು ಕಡೆ, ನಮ್ಮದೇ ಮಾಹಿತಿಯ ಪ್ರತಿಯನ್ನು ಇಳಿಸಿಕೊಳ್ಳುವ ಅವಕಾಶವಿದೆ. ಅಲ್ಲಿ ‘ಕನೆಕ್ಷನ್ಸ್’ ಎಂಬುದನ್ನು ಆರಿಸಿ ಕೋರಿಕೆ ಸಲ್ಲಿಸಿದರೆ ಸ್ವಲ್ಪ ಹೊತ್ತಿನಲ್ಲಿ ಒಂದು ಕಡತ ಸಿಗುತ್ತದೆ. ಅದನ್ನು ಎಕ್ಸೆಲ್‌ನಲ್ಲಿ ತೆರೆದರೆ ಪ್ರತಿ ಸಾಲಿನಲ್ಲೂ ಒಬ್ಬರ ಹೆಸರು, ಸಂಸ್ಥೆ, ಹುದ್ದೆ, ಕೊನೆಯಲ್ಲಿ ಅವರೊಂದಿಗೆ ನಾವು ಸಂಪರ್ಕಗೊಂಡ ದಿನಾಂಕ ಕಾಣಿಸುತ್ತವೆ. ಮೂರು ವರ್ಷಗಳ ಹಿಂದೆ ನಾನು ಮೊದಲ ಬಾರಿಗೆ ಈ ಕಡತವನ್ನು ಇಳಿಸಿಕೊಂಡಾಗ ಅದರಲ್ಲಿ 640 ಹೆಸರುಗಳಿದ್ದವು. ಯಾರ ಮುಖ ನೆನಪಾಗುತ್ತದೆ, ಯಾರೊಂದಿಗೆ ಒಂದಾದರೂ ನಿಜವಾದ ಮಾತು ಆಡಿದ್ದೇನೆ, ಯಾರಿಗೆ ಇವತ್ತು ಸಂಕೋಚವಿಲ್ಲದೆ ಫೋನ್ ಮಾಡಬಲ್ಲೆ ಎಂದು ಒಂದೊಂದು ಸಾಲಿನ ಮುಂದೆಯೂ ಗುರುತು ಹಾಕುತ್ತ ಹೋದೆ. ಮೊದಲ ಗುರುತು ಸುಮಾರು ಮುನ್ನೂರು ಹೆಸರುಗಳಿಗೆ ಬಿತ್ತು, ಎರಡನೆಯದು ನೂರೈವತ್ತರಷ್ಟಕ್ಕೆ, ಮೂರನೆಯದು 41ಕ್ಕೆ ಮಾತ್ರ. ಉಳಿದವರೆಲ್ಲ ಯಾವಾಗಲೋ ಒಂದು ಗುಂಡಿ ಒತ್ತಿ ಪಟ್ಟಿಗೆ ಸೇರಿಸಿಕೊಂಡವರು, ಇಲ್ಲವೇ ಅವರೇ ನನ್ನನ್ನು ಹಾಗೆ ಸೇರಿಸಿಕೊಂಡವರು. ಆ ಸಂಜೆಯಿಂದ ಈ ಸೇವೆಯನ್ನು ನಾನು ಬಳಸುವ ರೀತಿಯೇ ಬದಲಾಯಿತು, ಮತ್ತು ಈ ವಿಮರ್ಶೆಯನ್ನು ಬರೆಯುತ್ತಿರುವುದು ಆ ಬದಲಾವಣೆಯ ನಂತರದ ಅನುಭವದಿಂದ.

ಲಿಂಕ್ಡ್‌ಇನ್‌ಗೆ ಹಲವು ಮುಖಗಳಿವೆ: ಕೆಲಸ ಹುಡುಕುವುದು, ಲೇಖನ ಪ್ರಕಟಿಸುವುದು, ಸರಕು ಮಾರುವುದು, ಕೋರ್ಸು ಕಲಿಯುವುದು. ನಾನಿಲ್ಲಿ ನೋಡುವುದು ಒಂದನ್ನೇ. ಕೆಲಸದ ಮೂಲಕ ಪರಿಚಯವಾದವರೊಂದಿಗೆ ಬಾಳಿಕೆ ಬರುವ ಸಂಬಂಧವನ್ನು ಕಟ್ಟಿಕೊಳ್ಳಲು ಇದು ಎಷ್ಟರಮಟ್ಟಿಗೆ ನೆರವಾಗುತ್ತದೆ, ಎಲ್ಲಿ ಅಡ್ಡಿಯಾಗುತ್ತದೆ? ರೀಡ್ ಹಾಫ್‌ಮನ್ ಮತ್ತು ಅವರ ಜೊತೆಗಾರರು 2003ರ ಮೇ 5ರಂದು ಆರಂಭಿಸಿದ ಈ ಸೇವೆಯನ್ನು 2016ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು. 2023ರ ಹೊತ್ತಿಗೆ ಸದಸ್ಯರ ಸಂಖ್ಯೆ 100 ಕೋಟಿಯನ್ನು ದಾಟಿತು. ಇಷ್ಟು ದೊಡ್ಡ ಊರಿನಲ್ಲಿ ಯಾರನ್ನು ಹೇಗೆ ಮಾತಾಡಿಸಬೇಕು ಎಂಬ ಪ್ರಶ್ನೆ ಹೊಸಬರಿಗಷ್ಟೇ ಅಲ್ಲ, ಹನ್ನೊಂದು ವರ್ಷಗಳಿಂದ ಇದನ್ನು ಬಳಸುತ್ತಿರುವ, ಸ್ವತಂತ್ರವಾಗಿ ತಾಂತ್ರಿಕ ಬರವಣಿಗೆ ಮಾಡಿಕೊಂಡಿರುವ ನನ್ನಂಥವರಿಗೂ ಇದೆ.

ಮೊದಲು, ಇಂಥದೊಂದು ಸೇವೆ ಯಾಕಾದರೂ ಬೇಕು ಎಂಬುದನ್ನು ಹೇಳಬೇಕು. ಆಪ್ತರೊಂದಿಗೆ ಒಡನಾಡಲು ಯಾರಿಗೂ ಲಿಂಕ್ಡ್‌ಇನ್ ಬೇಕಿಲ್ಲ. ಆದರೆ ವೃತ್ತಿಯ ವಿಷಯದಲ್ಲಿ ಆಪ್ತರಿಗಿಂತ ಅಷ್ಟಕ್ಕಷ್ಟೇ ಪರಿಚಯವಿರುವವರು ಹೆಚ್ಚು ಒದಗುತ್ತಾರೆ ಎಂಬುದನ್ನು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದರು. ಪರಿಚಿತರ ಮೂಲಕ ಕೆಲಸ ಪಡೆದಿದ್ದವರನ್ನು ಅವರು ಒಂದು ಪ್ರಶ್ನೆ ಕೇಳಿದ್ದರು: ಆ ಪರಿಚಿತರನ್ನು ನೀವು ಆಗ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ? ವಾರಕ್ಕೆ ಎರಡು ಸಲವಾದರೂ ಎಂದವರು ನೂರಕ್ಕೆ 16.7 ಮಂದಿ, ಆಗೊಮ್ಮೆ ಈಗೊಮ್ಮೆ ಎಂದವರು 55.6, ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಕಡಿಮೆ ಎಂದವರು 27.8. ಕಾರಣ ಸರಳವಾಗಿದೆ. ನನ್ನ ಆಪ್ತರಿಗೆ ಗೊತ್ತಿರುವುದು ಬಹುಪಾಲು ನನಗೂ ಗೊತ್ತಿರುತ್ತದೆ, ಏಕೆಂದರೆ ನಾವೆಲ್ಲ ಒಂದೇ ಬಳಗದಲ್ಲಿ ಓಡಾಡುತ್ತೇವೆ. ಅಪರೂಪಕ್ಕೆ ಸಿಗುವವರು ಬೇರೆ ಬಳಗದವರು. ಅವರ ಕಿವಿಗೆ ಬೀಳುವ ಸುದ್ದಿ ನನ್ನ ಕಿವಿಗೆ ತಾನಾಗಿ ಬೀಳುವುದಿಲ್ಲ.

ಈ ಮಾತನ್ನು ಲಿಂಕ್ಡ್‌ಇನ್‌ನಲ್ಲಿಯೇ ಬೃಹತ್ ಪ್ರಮಾಣದಲ್ಲಿ ಪರೀಕ್ಷಿಸಲಾಗಿದೆ. ‘ನಿಮಗೆ ಪರಿಚಯವಿರಬಹುದಾದವರು’ ಎಂದು ಅದು ತೋರಿಸುವ ಪಟ್ಟಿಯನ್ನು ಐದು ವರ್ಷಗಳ ಕಾಲ ಸುಮಾರು 2 ಕೋಟಿ ಜನರಿಗೆ ಬೇರೆ ಬೇರೆ ರೀತಿಯಲ್ಲಿ ಬದಲಿಸಿ ತೋರಿಸಿದ ಪ್ರಯೋಗಗಳ ಫಲಿತಾಂಶ 2022ರ ಸೆಪ್ಟೆಂಬರ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಕೆಲಸ ಬದಲಾಯಿಸಲು ಹೆಚ್ಚು ನೆರವಾದದ್ದು ತೀರಾ ಗಟ್ಟಿ ನಂಟೂ ಅಲ್ಲ, ತೀರಾ ಸಡಿಲ ನಂಟೂ ಅಲ್ಲ. ಮಧ್ಯಮ ಮಟ್ಟದ ಸಡಿಲ ನಂಟು, ಅಂದರೆ ಇಬ್ಬರಿಗೂ ಹತ್ತರಷ್ಟು ಸಮಾನ ಪರಿಚಿತರು ಇರುವಂಥದ್ದು. ಬಳಕೆದಾರರಿಗೆ ಬಿಡಿಬಿಡಿಯಾಗಿ ತಿಳಿಸದೆ ಇಂಥ ಪ್ರಯೋಗ ನಡೆಸಿದ್ದು ಸರಿಯೇ ಎಂಬ ಪ್ರಶ್ನೆ ಆಗ ಎದ್ದಿತ್ತು, ಮತ್ತು ಆ ಪ್ರಶ್ನೆ ನನಗೂ ಮುಖ್ಯವಾಗಿ ಕಾಣುತ್ತದೆ. ಯಾರ ಹೆಸರು ನಮ್ಮ ಕಣ್ಣಿಗೆ ಬೀಳಬೇಕು ಎಂಬುದನ್ನು ಬೇರೊಬ್ಬರು ತೀರ್ಮಾನಿಸುತ್ತಿದ್ದಾರೆ ಎಂಬ ಎಚ್ಚರ ಬಳಸುವವರಿಗೆ ಇರಲೇಬೇಕು. ಆದರೂ ಆ ಫಲಿತಾಂಶ ನನ್ನ ಅನುಭವಕ್ಕೆ ಹೊಂದುತ್ತದೆ. ಹತ್ತು ಮಂದಿ ಸಮಾನ ಪರಿಚಿತರು ಇರುವವರಿಗೆ ಬರೆದಾಗ ಉತ್ತರ ಬರುತ್ತದೆ. ಯಾರೂ ಇಲ್ಲದವರಿಗೆ ಬರೆದಾಗ ಬಹಳ ಸಲ ಬರುವುದಿಲ್ಲ.

ಇನ್ನು ಸೇವೆಯ ವಿಷಯಕ್ಕೆ ಬರುತ್ತೇನೆ. ಪ್ರೊಫೈಲ್ ಎಂಬುದು ಇಲ್ಲಿನ ಹೊಸಿಲು. ಹೆಸರಿನ ಕೆಳಗೆ ಬರುವ ಸಾಲಿಗೆ 220 ಅಕ್ಷರಗಳ ಮಿತಿ, ‘ಅಬೌಟ್’ ಭಾಗಕ್ಕೆ 2,600. ಹೆಚ್ಚಿನವರು ಆ ಸಾಲಿನಲ್ಲಿ ಹುದ್ದೆಯನ್ನೂ ನಾಲ್ಕು ವಿಶೇಷಣಗಳನ್ನೂ ತುಂಬುತ್ತಾರೆ, ನಾನೂ ಬಹಳ ಕಾಲ ಹಾಗೆಯೇ ಮಾಡಿದ್ದೆ: ‘ಅನುಭವಿ ತಾಂತ್ರಿಕ ಬರಹಗಾರ, ಸಂವಹನ ತಜ್ಞ’. ಅದನ್ನು ಓದಿ ನನಗೆ ಬರೆದವರು ತೀರಾ ಕಡಿಮೆ. ಅದನ್ನು ತೆಗೆದು, ‘ವೈದ್ಯಕೀಯ ಉಪಕರಣಗಳಿಗೆ ಬಳಕೆದಾರರ ಕೈಪಿಡಿ ಬರೆಯುತ್ತೇನೆ; ಮುಖ್ಯವಾಗಿ ದಾದಿಯರು ಓದುವ ಪುಟಗಳನ್ನು’ ಎಂದು ಹಾಕಿದ ಮೇಲೆ ಒಂದು ತಿಂಗಳೊಳಗೆ ಇಬ್ಬರು ಬರೆದರು. ಒಬ್ಬರು ರೋಗಿಯ ದೇಹಕ್ಕೆ ಔಷಧ ಹರಿಸುವ ಇನ್ಫ್ಯೂಷನ್ ಪಂಪಿನ ಎಚ್ಚರಿಕೆಯ ಸೂಚನೆಗಳನ್ನು ಎಷ್ಟು ಪದಗಳಿಗೆ ಇಳಿಸಬಹುದು ಎಂದು ಕೇಳಿದರು. ಇನ್ನೊಬ್ಬರು ತಾವೇ ದಾದಿಯಾಗಿದ್ದು, ಕೈಪಿಡಿಗಳಲ್ಲಿ ತಮಗೆ ಅರ್ಥವಾಗದ ಭಾಗಗಳ ಪಟ್ಟಿಯನ್ನೇ ಕಳುಹಿಸಿದರು. ನಾನು ಏನು ಮಾಡುತ್ತೇನೆ ಎಂಬುದು ಸ್ಪಷ್ಟವಾಗಿದ್ದರೆ ಎದುರಿನವರಿಗೆ ಮಾತು ಆರಂಭಿಸಲು ಒಂದು ತುದಿ ಸಿಗುತ್ತದೆ. ವಿಶೇಷಣಗಳನ್ನು ಹಿಡಿದುಕೊಂಡು ಯಾರೂ ಮಾತು ಆರಂಭಿಸಲಾರರು.

ಪ್ರೊಫೈಲಿನಲ್ಲಿ ಇನ್ನೊಂದು ಚಿಕ್ಕ ಸೌಲಭ್ಯವಿದೆ, ಅದರ ಬಗ್ಗೆ ನನಗೆ ವಿಶೇಷ ಮೆಚ್ಚುಗೆ. 2020ರಿಂದ ನಮ್ಮ ಹೆಸರನ್ನು ನಮ್ಮ ಧ್ವನಿಯಲ್ಲೇ ಹತ್ತು ಸೆಕೆಂಡಿನೊಳಗೆ ಉಚ್ಚರಿಸಿ ದಾಖಲಿಸಿಡಬಹುದು. ಹೆಸರಿನ ಪಕ್ಕದ ಚಿಹ್ನೆಯನ್ನು ಒತ್ತಿದವರಿಗೆ ಅದು ಕೇಳಿಸುತ್ತದೆ. ಬೇರೆ ಭಾಷೆಯ ಒಬ್ಬ ಎಂಜಿನಿಯರ್ ಜೊತೆ ಮೊದಲ ಬಾರಿಗೆ ವೀಡಿಯೊ ಕರೆಯಲ್ಲಿ ಮಾತಾಡುವ ಮುಂಚೆ ಅವರ ಹೆಸರನ್ನು ನಾಲ್ಕು ಸಲ ಕೇಳಿ, ಬಾಯಲ್ಲಿ ಕೂರಿಸಿಕೊಂಡು ಹೋಗಿದ್ದೆ. ಕರೆಯ ಮೊದಲ ನಿಮಿಷದಲ್ಲೇ ಅವರು ಅದನ್ನು ಗಮನಿಸಿ ಹೇಳಿದರು. ಹೆಸರನ್ನು ಸರಿಯಾಗಿ ಕರೆಯುವುದು ಗೌರವದ ಮೊದಲ ಮೆಟ್ಟಿಲು, ಮತ್ತು ಅದಕ್ಕೆ ಜಾಗ ಮಾಡಿಕೊಟ್ಟವರು ಸಂಬಂಧದ ಬಗ್ಗೆ ಯೋಚಿಸಿದ್ದಾರೆ ಎಂದೇ ನನ್ನ ಭಾವನೆ.

ಸಂಪರ್ಕದ ಆಹ್ವಾನ ಕಳುಹಿಸುವ ವ್ಯವಸ್ಥೆಯ ಬಗ್ಗೆ ಇಷ್ಟು ಒಳ್ಳೆಯ ಮಾತು ಹೇಳಲಾರೆ. ‘ಕನೆಕ್ಟ್’ ಗುಂಡಿಯನ್ನು ಒಂದು ಸಲ ಒತ್ತಿದರೆ ಆಹ್ವಾನ ಹೋಗಿಬಿಡುತ್ತದೆ. ಜೊತೆಗೆ ಟಿಪ್ಪಣಿ ಬರೆಯುವುದು ಐಚ್ಛಿಕ, ಮತ್ತು ಹಣ ಕೊಡದ ಖಾತೆಗಳಲ್ಲಿ ಹಾಗೆ ಟಿಪ್ಪಣಿ ಸೇರಿಸಿ ಕಳುಹಿಸುವುದಕ್ಕೇ ಸಂಖ್ಯೆಯ ಮಿತಿ ಇದೆ. ಇದು ನನಗೆ ತಲೆಕೆಳಗಾದ ಕ್ರಮವಾಗಿ ಕಾಣುತ್ತದೆ. ಒಬ್ಬರ ಮನೆಯ ಬಾಗಿಲು ತಟ್ಟಿ ಯಾರು, ಏನು ಎಂದು ಹೇಳದೆ ನಿಂತರೆ ಒಳಗಿನವರು ಏನೆಂದುಕೊಳ್ಳಬೇಕು? ಟಿಪ್ಪಣಿ ಇಲ್ಲದ ಆಹ್ವಾನ ಅಂಥದ್ದು. ಮಿತಿ ಹೇರಬೇಕಾದದ್ದು ಬರಿಗೈಯ ಆಹ್ವಾನಗಳಿಗೆ. ಪರಿಚಯ ಹೇಳಿಕೊಂಡು ಬರುವವರಿಗೆ ದಾರಿ ಸಲೀಸಾಗಿರಬೇಕಿತ್ತು. ವಾರಕ್ಕೆ ಒಟ್ಟು ಆಹ್ವಾನಗಳಿಗೂ ಮಿತಿ ಇದೆ ಎಂಬುದು ನಿಜ, ಹಿಂತೆಗೆದುಕೊಂಡ ಆಹ್ವಾನವನ್ನು ಅದೇ ವ್ಯಕ್ತಿಗೆ ಮತ್ತೆ ಕಳುಹಿಸಲು ಮೂರು ವಾರಗಳವರೆಗೆ ಕಾಯಬೇಕಾಗುತ್ತದೆ ಎಂಬುದೂ ನಿಜ. ಇವೆರಡೂ ಒಳ್ಳೆಯ ನಿಯಮಗಳೇ.

ಹಾಗಾದರೆ ಟಿಪ್ಪಣಿಯಲ್ಲಿ ಏನಿರಬೇಕು? ನನಗೆ ಬಂದ ಒಂದನ್ನು, ಕಳುಹಿಸಿದವರ ಗುರುತು ಸಿಗದಂತೆ, ಇಲ್ಲಿ ಕೊಡುತ್ತೇನೆ: ‘ನಮಸ್ಕಾರ. ಕಳೆದ ವಾರದ ಚರ್ಚೆಯಲ್ಲಿ ಚಿತ್ರಗಳಿಗೆ ಸಂಖ್ಯೆ ಹಾಕುವ ಬಗ್ಗೆ ನೀವು ಹೇಳಿದ ಮಾತು ನನಗೆ ಉಪಯೋಗಕ್ಕೆ ಬಂತು. ನಮ್ಮ ಕೈಪಿಡಿಯಲ್ಲಿ ಅದೇ ತೊಂದರೆ ಇತ್ತು. ನಾನೂ ಇದೇ ಕೆಲಸದಲ್ಲಿ ಹೊಸಬಳು. ನಿಮ್ಮ ಸಂಪರ್ಕದಲ್ಲಿ ಇರಬಯಸುತ್ತೇನೆ.’ ಎಲ್ಲಿ ಕಂಡದ್ದು, ಯಾವ ಮಾತು ತಟ್ಟಿತು, ತಾವು ಯಾರು, ಏನು ಬೇಕು ಎಂಬುದೆಲ್ಲ ನಾಲ್ಕು ಸಾಲಿನೊಳಗೆ ಬಂದಿದೆ. ಬೇಡಿಕೆ ಯಾವುದೂ ಇಲ್ಲ. ಅದನ್ನು ಒಪ್ಪಿಕೊಂಡು ಅವರ ಕೈಪಿಡಿಯ ತೊಂದರೆ ಏನಾಯಿತು ಎಂದು ನಾನೇ ಮರಳಿ ಕೇಳಿದೆ. ಅಲ್ಲಿಂದ ಆರಂಭವಾದ ಮಾತು ಇವತ್ತಿಗೂ ನಡೆದಿದೆ, ಮತ್ತು ಕಳೆದ ವರ್ಷ ನನ್ನ ಕೈಗೆ ಹೆಚ್ಚಾದ ಒಂದು ಕೆಲಸವನ್ನು ಅವರಿಗೆ ಒಪ್ಪಿಸಿದೆ.

ಇದಕ್ಕೆ ತದ್ವಿರುದ್ಧವಾದ ಅನುಭವವನ್ನೂ ಹೇಳಬೇಕು. ಒಬ್ಬರು ಸೌಜನ್ಯದ ಟಿಪ್ಪಣಿಯೊಂದಿಗೆ ಆಹ್ವಾನ ಕಳುಹಿಸಿದ್ದರು: ನಿಮ್ಮ ಬರಹಗಳನ್ನು ಗಮನಿಸುತ್ತಿದ್ದೇನೆ, ಕಲಿಯುವುದಿದೆ ಎಂದು. ಸಂತೋಷದಿಂದಲೇ ಒಪ್ಪಿಕೊಂಡೆ. ಎರಡು ನಿಮಿಷ ಕಳೆಯುವಷ್ಟರಲ್ಲಿ ಉದ್ದನೆಯ ಸಂದೇಶ ಬಂತು. ತಮ್ಮ ತರಬೇತಿ ಕಾರ್ಯಕ್ರಮದ ವಿವರ, ರಿಯಾಯಿತಿ ಮುಗಿಯುವ ದಿನ, ಹದಿನೈದು ನಿಮಿಷದ ಕರೆಗೆ ಸಮಯ ಗೊತ್ತುಮಾಡುವ ಕೊಂಡಿ. ಬೇಡವೆಂದು ವಿನಯದಿಂದ ತಿಳಿಸಿದ ಮೇಲೂ ಮೂರು ದಿನಕ್ಕೊಮ್ಮೆ ನೆನಪೋಲೆ ಬರುತ್ತಿತ್ತು. ನನಗೆ ಬೇಸರವಾದದ್ದು ಅವರು ಮಾರಲು ಬಂದದ್ದಕ್ಕಲ್ಲ. ಮಾರುವುದು ಮರ್ಯಾದೆಯ ಕೆಲಸವೇ. ನಂಬಿಕೆಯ ಮಾತನ್ನು ಮೊದಲೇ ಖರ್ಚುಮಾಡಿಬಿಟ್ಟದ್ದಕ್ಕೆ ಬೇಸರವಾಯಿತು. ಆಮೇಲೆ ನಿಜವಾಗಿಯೇ ಬರಹ ಓದಿ ಬರೆದವರನ್ನೂ ಕೆಲವು ಕಾಲ ನಾನು ಅನುಮಾನದಿಂದ ನೋಡಿದೆ. ಅಂಥ ಒಂದು ಸಂದೇಶದ ಬೆಲೆಯನ್ನು ತೆರುವವರು ಅದನ್ನು ಕಳುಹಿಸಿದವರಲ್ಲ, ಅವರ ನಂತರ ಪ್ರಾಮಾಣಿಕವಾಗಿ ಬರುವವರು.

ಒಪ್ಪಿಗೆ ಸಿಕ್ಕ ಮೇಲೆ ಬರುವ ಎರಡನೆಯ ಸಂದೇಶವೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂದು ನಾನು ನಂಬಿದ್ದೇನೆ. ಬಹುಪಾಲು ಸಂಪರ್ಕಗಳು ಸೊರಗುವುದು ಅಲ್ಲಿಯೇ, ಯಾಕೆಂದರೆ ಎರಡನೆಯದನ್ನು ಯಾರೂ ಬರೆಯುವುದಿಲ್ಲ. ಬರೆಯಲು ದೊಡ್ಡ ವಿಷಯ ಬೇಕಿಲ್ಲ. ಅವರು ಕೇಳಿದ್ದ ಪ್ರಶ್ನೆಗೆ ಸಂಬಂಧಿಸಿದ ಒಂದು ಲೇಖನ, ಅವರ ಕ್ಷೇತ್ರದಲ್ಲಿ ಬದಲಾದ ಒಂದು ನಿಯಮದ ಸುದ್ದಿ, ಅವರ ಸಲಹೆಯನ್ನು ಪಾಲಿಸಿದ್ದರಿಂದ ಏನಾಯಿತು ಎಂಬ ವರದಿ ಇಷ್ಟು ಸಾಕು. ಕೊನೆಯದರ ತೂಕ ಹೆಚ್ಚು. ಸಲಹೆ ಕೇಳುವವರು ನೂರು ಮಂದಿ ಇರುತ್ತಾರೆ, ಅದರ ಫಲ ಏನಾಯಿತು ಎಂದು ಮರಳಿ ಬಂದು ಹೇಳುವವರು ಬೆರಳೆಣಿಕೆಯಷ್ಟು. ಹಾಗೆ ಹೇಳಿದವರನ್ನು ಯಾರೂ ಮರೆಯುವುದಿಲ್ಲ.

ಲಿಂಕ್ಡ್‌ಇನ್ ನಿಜಕ್ಕೂ ತನ್ನ ಬೆಲೆ ತೋರಿಸುವುದು ಪರಿಚಯ ಮಾಡಿಸುವ ಕೆಲಸದಲ್ಲಿ. ಯಾವುದೇ ಪ್ರೊಫೈಲ್ ತೆರೆದರೂ ಆ ವ್ಯಕ್ತಿ ನಮಗೆ ನೇರ ಪರಿಚಿತರೇ, ಪರಿಚಿತರ ಪರಿಚಿತರೇ, ಇಲ್ಲವೇ ಅದಕ್ಕೂ ಆಚೆಯವರೇ ಎಂಬುದು ಹೆಸರಿನ ಪಕ್ಕದಲ್ಲೇ ಕಾಣುತ್ತದೆ, ನಡುವೆ ಯಾರಿದ್ದಾರೆ ಎಂಬುದೂ ತಿಳಿಯುತ್ತದೆ. ಈ ಸೇವೆ ಬರುವ ಮುಂಚೆ ಇದನ್ನು ತಿಳಿಯಲು ಹತ್ತು ಜನರನ್ನು ಕೇಳಬೇಕಿತ್ತು, ಎಷ್ಟೋ ಸಲ ಕೇಳಿದರೂ ತಿಳಿಯುತ್ತಿರಲಿಲ್ಲ. ಆದರೆ ನಡುವಿನವರ ದಾಕ್ಷಿಣ್ಯವನ್ನು ದುಡಿಸಿಕೊಳ್ಳಬಾರದು. ನಾನು ಪಾಲಿಸುವ ಕ್ರಮ ಹೀಗಿದೆ. ಮೊದಲು ನಡುವಿನವರಿಗೆ ಬರೆದು, ಆ ವ್ಯಕ್ತಿ ನಿಮಗೆ ನಿಜವಾಗಿ ಬಳಕೆಯವರೇ, ಪರಿಚಯ ಮಾಡಿಸಲು ನಿಮಗೆ ಮನಸ್ಸಿದೆಯೇ ಎಂದು ಕೇಳುತ್ತೇನೆ; ‘ಬೇಡ’ ಎನ್ನಲು ದಾರಿ ತೆರೆದಿಡುತ್ತೇನೆ. ಒಪ್ಪಿದರೆ, ಅವರು ಹಾಗೆಯೇ ಮುಂದೆ ಕಳುಹಿಸಬಹುದಾದ ನಾಲ್ಕು ಸಾಲನ್ನು ನಾನೇ ಬರೆದುಕೊಡುತ್ತೇನೆ: ‘ಇವರು ಕೈಪಿಡಿಗಳನ್ನು ಬರೆಯುತ್ತಾರೆ. ನಿಮ್ಮ ತಂಡ ಹೊಸ ಉಪಕರಣದ ಸೂಚನೆಗಳನ್ನು ಪರೀಕ್ಷಿಸಿದ ವಿಧಾನದ ಬಗ್ಗೆ ಎರಡು ಪ್ರಶ್ನೆ ಕೇಳಬೇಕಂತೆ. ಬರೆದು ಕೇಳಿದರೂ ಸಾಕು ಎನ್ನುತ್ತಾರೆ. ಪರಿಚಯ ಮಾಡಿಸಲೇ?’ ಎದುರಿನವರೂ ಹೂಂ ಎಂದ ಮೇಲೆಯೇ ಪರಿಚಯ. ಈ ಕ್ರಮದಲ್ಲಿ ಯಾರ ಮೇಲೂ ಹಂಗು ಬೀಳುವುದಿಲ್ಲ. ಪರಿಚಯವಾದ ಮೇಲೆ ಏನಾಯಿತು ಎಂದು ನಡುವಿನವರಿಗೆ ತಿಳಿಸುವುದನ್ನು ನಾನು ಒಮ್ಮೆಯೂ ತಪ್ಪಿಸಿಲ್ಲ.

ಸಮ್ಮೇಳನ, ಸಭೆಗಳಲ್ಲಿ ಮುಖತಃ ಭೇಟಿಯಾಗುವವರ ವಿಷಯಕ್ಕೂ ಇದು ಒದಗುತ್ತದೆ. ಮೊಬೈಲ್ ಆಪ್‌ನಲ್ಲಿರುವ ಕ್ಯೂಆರ್ ಕೋಡ್ ತೋರಿಸಿದರೆ ಎದುರಿನವರು ಸ್ಕ್ಯಾನ್ ಮಾಡಿ ನೇರವಾಗಿ ನಮ್ಮ ಪ್ರೊಫೈಲಿಗೆ ಬರುತ್ತಾರೆ. ವಿಸಿಟಿಂಗ್ ಕಾರ್ಡ್ ಕಳೆದುಹೋಗುವ ಚಿಂತೆಯಿಲ್ಲ. ಆದರೆ ಇಂಥ ಕೂಟಗಳಿಂದ ತಾನಾಗಿ ಹೊಸ ಪರಿಚಯ ಬೆಳೆಯುತ್ತದೆ ಎಂದುಕೊಳ್ಳುವಂತಿಲ್ಲ. ಪಾಲ್ ಇಂಗ್ರಮ್ ಮತ್ತು ಮೈಕೆಲ್ ಮಾರಿಸ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ನೂರು ಮಂದಿ ಉದ್ಯೋಗಸ್ಥರಿಗೆ ಎಲೆಕ್ಟ್ರಾನಿಕ್ ಬ್ಯಾಡ್ಜ್ ತೊಡಿಸಿ, ಕೂಟದಲ್ಲಿ ಯಾರು ಯಾರೊಂದಿಗೆ ಎಷ್ಟು ಹೊತ್ತು ಮಾತಾಡಿದರು ಎಂದು ಅಳೆದರು. ಹೊಸಬರನ್ನು ಕಾಣಲೆಂದೇ ಬಂದಿದ್ದೇವೆ ಎಂದು ಮೊದಲೇ ಹೇಳಿದ್ದವರು ಕೂಡ ಹೆಚ್ಚಿನ ಒಲವು ತೋರಿದ್ದು ಆಗಲೇ ಪರಿಚಯವಿದ್ದವರ ಕಡೆಗೇ. ಅದನ್ನು ಓದಿದ ಮೇಲೆ, ಸಭೆಗೆ ಹೋಗುವ ಮುನ್ನ ಭಾಗವಹಿಸುವವರಲ್ಲಿ ಇಬ್ಬರನ್ನು ಲಿಂಕ್ಡ್‌ಇನ್‌ನಲ್ಲಿ ಗುರುತಿಸಿ, ‘ಅಲ್ಲಿ ಸಿಕ್ಕರೆ ಹತ್ತು ನಿಮಿಷ ಮಾತಾಡೋಣವೇ’ ಎಂದು ಬರೆಯುವ ಅಭ್ಯಾಸ ಮಾಡಿಕೊಂಡೆ. ಇಬ್ಬರು ಸಾಕು. ಮರುದಿನವೇ, ಮಾತು ನೆನಪಿರುವಾಗಲೇ, ಅವರಿಗೆ ಬರೆಯುತ್ತೇನೆ.

ಈ ಸೇವೆಯ ಅತ್ಯುತ್ತಮ ಉಪಯೋಗ ಮಾತ್ರ ಹೊಸ ಪರಿಚಯದಲ್ಲಿಲ್ಲ, ಹಳೆಯದರಲ್ಲಿದೆ. ಜನರು ಕೆಲಸ ಬಿಡುತ್ತಾರೆ, ಇಮೇಲ್ ವಿಳಾಸ ಬದಲಾಗುತ್ತದೆ, ಫೋನ್ ನಂಬರ್ ಹೋಗುತ್ತದೆ. ಲಿಂಕ್ಡ್‌ಇನ್ ಪ್ರೊಫೈಲ್ ಮಾತ್ರ ಅವರೊಂದಿಗೇ ಸಾಗುತ್ತದೆ, ಅದನ್ನು ತಿದ್ದಿ ಇಡುವವರೂ ಅವರೇ. ಆದ್ದರಿಂದಲೇ ಇದು ಹಳಸದ ವಿಳಾಸ ಪುಸ್ತಕ. ಡೇನಿಯಲ್ ಲೆವಿನ್, ಜಾರ್ಜ್ ವಾಲ್ಟರ್ ಮತ್ತು ಕೀತ್ ಮರ್ನಿಘನ್ 2011ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಕನಿಷ್ಠ ಮೂರು ವರ್ಷ ಮಾತಾಡದೆ ಬಿಟ್ಟಿದ್ದ ಪರಿಚಿತರನ್ನು ಮತ್ತೆ ಸಂಪರ್ಕಿಸಿ ತಮ್ಮ ಕೆಲಸದ ಬಗ್ಗೆ ಸಲಹೆ ಕೇಳುವಂತೆ ಅಧಿಕಾರಿಗಳಿಗೆ ಸೂಚಿಸಲಾಗಿತ್ತು. ಹಾಗೆ ಸಿಕ್ಕ ಸಲಹೆಗಳು ದಿನನಿತ್ಯದ ಒಡನಾಡಿಗಳ ಸಲಹೆಗಿಂತ ಹೊಸತಾಗಿದ್ದವು. ಹಿಂದೆ ಆಪ್ತರಾಗಿದ್ದವರ ವಿಷಯದಲ್ಲಿ ಹಳೆಯ ನಂಬಿಕೆ ಹಾಗೆಯೇ ಉಳಿದಿತ್ತು. ಅಷ್ಟು ವರ್ಷ ಅವರು ಬೇರೆಡೆ ಓಡಾಡಿರುತ್ತಾರೆ, ಬೇರೆಯದನ್ನು ಕಲಿತಿರುತ್ತಾರೆ. ನಂಬಿಕೆಯನ್ನು ಮೊದಲಿನಿಂದ ಕಟ್ಟಬೇಕಾದ ಶ್ರಮವೂ ಇಲ್ಲ.

ನನ್ನ ಮೊದಲ ಕೆಲಸದಲ್ಲಿ ಪಕ್ಕದ ಮೇಜಿನಲ್ಲಿದ್ದ ಹಿರಿಯರೊಬ್ಬರ ಹೆಸರು ಆ ಕಡತದ ಮೊದಲ ಪುಟದಲ್ಲೇ ಇತ್ತು. ನನ್ನ ಕರಡುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, ತಿದ್ದಿದ್ದೇಕೆ ಎಂಬುದನ್ನೂ ಅಂಚಿನಲ್ಲಿ ಬರೆಯುತ್ತಿದ್ದವರು ಅವರು. ಒಂಬತ್ತು ವರ್ಷ ನಾನು ಅವರಿಗೆ ಒಂದು ಸಾಲನ್ನೂ ಬರೆದಿರಲಿಲ್ಲ. ಇಷ್ಟು ದಿನ ಬಿಟ್ಟು ಈಗ ಬರೆದರೆ ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚದಲ್ಲಿ ಮೂರು ಸಲ ಬರೆದು ಅಳಿಸಿದೆ. ಕೊನೆಗೆ, ‘ನಮಸ್ಕಾರ ಸರ್. ಇವತ್ತು ಒಬ್ಬ ಹೊಸ ಹುಡುಗನ ಕರಡು ತಿದ್ದುವಾಗ ಅಂಚಿನಲ್ಲಿ ಕಾರಣ ಬರೆಯುತ್ತಿದ್ದೆ, ನಿಮ್ಮ ನೆನಪಾಯಿತು. ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಉತ್ತರಿಸಲೇಬೇಕೆಂದೇನಿಲ್ಲ, ಹೇಳಬೇಕೆನಿಸಿತು’ ಎಂದಷ್ಟೇ ಬರೆದು ಕಳುಹಿಸಿದೆ. ರಾತ್ರಿಯೇ ಉತ್ತರ ಬಂತು: ‘ಆ ಹುಡುಗ ಕಾರಣ ಓದುತ್ತಾನೋ ಇಲ್ಲವೋ, ನೀನು ಬರೆಯುವುದನ್ನು ಬಿಡಬೇಡ. ನೀನೂ ಮೊದಮೊದಲು ಓದುತ್ತಿರಲಿಲ್ಲ.’ ಅಲ್ಲಿಂದ ನಾವು ತಿಂಗಳಿಗೊಮ್ಮೆಯಾದರೂ ಬರೆದುಕೊಳ್ಳುತ್ತೇವೆ. ಏನನ್ನೂ ಕೇಳದೆ ಬರೆದ ಪತ್ರ ಅದು. ಬಾಯಾರಿದಾಗ ಬಾವಿ ತೋಡಿದಂತೆ, ಕೆಲಸ ಹೋದ ದಿನ ಹಳಬರನ್ನು ನೆನೆಯುವ ಪರಿಸ್ಥಿತಿ ಯಾರಿಗೂ ಬರಬಾರದು. ಬಂದರೂ ಅದು ತಪ್ಪಲ್ಲ, ಆದರೆ ಆಗ ಬರೆಯುವುದು ಬಹಳ ಕಷ್ಟ.

ಇಂಥ ಕೆಲಸಕ್ಕೆ ಅಡ್ಡ ಬರುವ ಅಂಶಗಳೂ ಈ ಸೇವೆಯಲ್ಲಿ ಸಾಕಷ್ಟಿವೆ. ಯಾರಾದರೂ ಹೊಸ ಹುದ್ದೆಗೆ ಸೇರಿದರೆ, ಒಂದು ಸಂಸ್ಥೆಯಲ್ಲಿ ಐದು ವರ್ಷ ಮುಗಿಸಿದರೆ, ಸಿದ್ಧಪಡಿಸಿದ ಅಭಿನಂದನೆಯ ಸಾಲನ್ನು ಅದು ಮುಂದೆ ಚಾಚುತ್ತದೆ, ಒತ್ತಿದರೆ ಮುಗಿಯಿತು. ಅಂಥ ನಲವತ್ತು ಅಭಿನಂದನೆಗಳನ್ನು ಒಂದೇ ದಿನ ಪಡೆದವರಿಗೆ ಅವುಗಳಲ್ಲಿ ಯಾವುದೂ ನೆನಪಿರುವುದಿಲ್ಲ. ನೆನಪೋಲೆ ಒಳ್ಳೆಯದು, ಸಿದ್ಧ ವಾಕ್ಯ ಬೇಡ. ನಾನು ಅದನ್ನು ಅಳಿಸಿ ಎರಡು ಸಾಲನ್ನಾದರೂ ನನ್ನ ಮಾತಿನಲ್ಲಿ ಬರೆಯುತ್ತೇನೆ. 2012ರಲ್ಲಿ ಬಂದ ‘ಎಂಡಾರ್ಸ್‌ಮೆಂಟ್’ ಕೂಡ ಇದೇ ಜಾತಿಯದು. ನನ್ನ ಕೆಲಸವನ್ನು ಕಣ್ಣಾರೆ ಕಾಣದವರೂ ನನ್ನ ಕೌಶಲಕ್ಕೆ ಒಂದೇ ಒತ್ತಿನಲ್ಲಿ ಸಾಕ್ಷಿ ಹೇಳಬಹುದಾದ್ದರಿಂದ ಅದಕ್ಕೆ ಸಾಕ್ಷಿಯ ಬಲವಿಲ್ಲ. ಅದರ ಬದಲು, ಜೊತೆಗೆ ದುಡಿದವರು ತಮ್ಮ ಮಾತಿನಲ್ಲಿ ಬರೆಯುವ ‘ರೆಕಮೆಂಡೇಶನ್’ ನಿಜಕ್ಕೂ ಮೌಲ್ಯವುಳ್ಳದ್ದು. ಕೇಳದೆಯೇ ಒಬ್ಬರಿಗೆ ಅದನ್ನು ಬರೆದುಕೊಡಿ. ಯಾವ ಕೆಲಸದಲ್ಲಿ, ಯಾವ ಇಕ್ಕಟ್ಟಿನಲ್ಲಿ ಅವರು ಏನು ಮಾಡಿದರು ಎಂಬುದು ಅದರಲ್ಲಿರಲಿ. ಅದಕ್ಕಿಂತ ಒಳ್ಳೆಯ ಉಡುಗೊರೆಯನ್ನು ಈ ತಾಣದಲ್ಲಿ ನಾನು ಕಂಡಿಲ್ಲ.

ಫೀಡ್, ಅಂದರೆ ತೆರೆದೊಡನೆ ಕಾಣುವ ಇತರರ ಬರಹಗಳ ಸಾಲು, ಇನ್ನೊಂದು ಅಡಚಣೆ. ಒಬ್ಬರಿಗೆ ಬರೆಯಬೇಕೆಂದು ತೆರೆದು, ಇಪ್ಪತ್ತು ನಿಮಿಷ ಬೇರೆಯವರ ಸಾಧನೆಗಳನ್ನು ಓದಿ, ಬರೆಯದೆಯೇ ಮುಚ್ಚುವುದು ಸುಲಭವಾಗಿ ಆಗಿಬಿಡುತ್ತದೆ. ಸಂಪರ್ಕವನ್ನು ಉಳಿಸಿಕೊಂಡೇ ಒಬ್ಬರನ್ನು ‘ಅನ್‌ಫಾಲೋ’ ಮಾಡುವ ಅವಕಾಶವಿದೆ, ಅವರಿಗೆ ಅದು ತಿಳಿಯುವುದೂ ಇಲ್ಲ. ನಾನದನ್ನು ಧಾರಾಳವಾಗಿ ಬಳಸುತ್ತೇನೆ. ಹಿಂದೆ ಪ್ರತಿಯೊಬ್ಬರ ಪ್ರೊಫೈಲಿನಲ್ಲಿ ನಮಗೆ ಮಾತ್ರ ಕಾಣುವಂತೆ ಟಿಪ್ಪಣಿ ಬರೆದಿಡುವ ಸೌಲಭ್ಯವಿತ್ತು. ಎಲ್ಲಿ ಭೇಟಿಯಾದದ್ದು, ಏನು ಮಾತಾಡಿದ್ದು ಎಂದು ಬರೆದಿಡಬಹುದಿತ್ತು. ಸಾಮಾನ್ಯ ಖಾತೆಗಳಿಂದ ಅದನ್ನು 2017ರಲ್ಲಿ ತೆಗೆದುಹಾಕಿದರು. ಸಂಬಂಧ ಬೆಳೆಸಲು ಅತ್ಯಗತ್ಯವಾಗಿದ್ದ ಒಂದು ಉಪಕರಣವನ್ನೇ ತೆಗೆದದ್ದು ನನಗೆ ಈ ಸೇವೆಯ ಅತಿ ದೊಡ್ಡ ಕೊರತೆಯಾಗಿ ಕಾಣುತ್ತದೆ. ಈಗ ಇಳಿಸಿಕೊಂಡ ಕಡತಕ್ಕೆ ನಾನೇ ‘ಕೊನೆಯ ಮಾತು’ ಎಂಬ ಅಂಕಣವನ್ನು ಸೇರಿಸಿಕೊಂಡು ಅಲ್ಲಿ ಬರೆದಿಡುತ್ತೇನೆ.

ಸಂಖ್ಯೆಯ ಹುಚ್ಚಿನ ಬಗ್ಗೆ ಒಂದು ಮಾತು ಸಾಕು. ಲಿಂಕ್ಡ್‌ಇನ್ ಒಬ್ಬರಿಗೆ 30,000 ಸಂಪರ್ಕಗಳವರೆಗೆ ಅವಕಾಶ ಕೊಡುತ್ತದೆ. ಮನುಷ್ಯರು ನಿಜವಾಗಿ ನಿಭಾಯಿಸಬಲ್ಲ ಸಂಬಂಧಗಳು ಸುಮಾರು 150 ಎಂದು ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬಾರ್ 1990ರ ದಶಕದಿಂದ ಹೇಳುತ್ತ ಬಂದಿದ್ದಾರೆ. ಆ ಸಂಖ್ಯೆಯ ಬಗ್ಗೆ ವಿದ್ವಾಂಸರಲ್ಲಿ ವಾದವಿದೆ, ಆದರೆ ನನ್ನ ಕಡತದಲ್ಲಿ ಎರಡನೆಯ ಗುರುತು ಬಿದ್ದದ್ದೂ ಅದರ ಆಸುಪಾಸಿನಲ್ಲೇ.

ಹಣ ಕೊಟ್ಟು ಪ್ರೀಮಿಯಂ ಪಡೆಯಬೇಕೇ? ಎರಡು ಬಾರಿ, ಒಟ್ಟು ಎಂಟು ತಿಂಗಳು, ನಾನು ಪಡೆದಿದ್ದೆ. ಮುಖ್ಯವಾಗಿ ಸಿಗುವುದು ಪರಿಚಯವಿಲ್ಲದವರಿಗೂ ನೇರವಾಗಿ ಬರೆಯಬಲ್ಲ ಇನ್‌ಮೇಲ್, ಮತ್ತು ನಮ್ಮ ಪ್ರೊಫೈಲ್ ನೋಡಿದವರ ವಿಸ್ತೃತ ಪಟ್ಟಿ. ಇನ್‌ಮೇಲ್‌ನಲ್ಲಿ ಒಂದು ಒಳ್ಳೆಯ ನಿಯಮವಿದೆ: 90 ದಿನಗಳೊಳಗೆ ಉತ್ತರ ಬಂದರೆ ಖರ್ಚಾದ ಕ್ರೆಡಿಟ್, ಅಂದರೆ ಒಂದು ಇನ್‌ಮೇಲ್ ಕಳುಹಿಸುವ ಅವಕಾಶ, ಮರಳಿ ಸಿಗುತ್ತದೆ. ಉತ್ತರ ಬರುವಂತೆ ಬರೆಯಿರಿ ಎಂದು ಅದು ಪರೋಕ್ಷವಾಗಿ ಹೇಳುತ್ತದೆ. ಕೆಲಸ ಬದಲಾಯಿಸುವ ಹಂತದಲ್ಲಿರುವವರಿಗೆ, ನೇಮಕಾತಿಯಲ್ಲಿ ತೊಡಗಿರುವವರಿಗೆ ಎರಡು ಮೂರು ತಿಂಗಳ ಮಟ್ಟಿಗೆ ಇದು ಉಪಯುಕ್ತ. ಒಡನಾಟ ಬೆಳೆಸುವುದಷ್ಟೇ ಉದ್ದೇಶವಾಗಿದ್ದರೆ ಅಗತ್ಯವಿಲ್ಲ. ಇನ್‌ಮೇಲ್ ಮೂಲಕ ನಾನು ಬರೆದ ಹನ್ನೆರಡು ಮಂದಿಯಲ್ಲಿ ಉತ್ತರಿಸಿದವರು ಮೂವರು. ಅದೇ ಅವಧಿಯಲ್ಲಿ ಪರಿಚಿತರ ಮೂಲಕ ಪರಿಚಯ ಮಾಡಿಸಿಕೊಂಡ ಐವರಲ್ಲಿ ಐವರೂ ಉತ್ತರಿಸಿದರು. ಎರಡನೆಯದಕ್ಕೆ ಹಣ ಕೊಡಬೇಕಿರಲಿಲ್ಲ.

ಈಗಷ್ಟೇ ವೃತ್ತಿಗೆ ಕಾಲಿಟ್ಟವರಿಗೂ, ಒಂದೇ ಕಡೆ ಬಹಳ ವರ್ಷ ದುಡಿದು ಹೊರಗಿನ ಬಳಕೆ ತಪ್ಪಿಹೋದವರಿಗೂ, ಸ್ವತಂತ್ರವಾಗಿ ಕೆಲಸ ಮಾಡುವವರಿಗೂ ಈ ಸೇವೆಯನ್ನು ನಾನು ಮನಸಾರೆ ಸೂಚಿಸುತ್ತೇನೆ. ವಿಳಾಸ ಪುಸ್ತಕವಾಗಿ ಐದಕ್ಕೆ ಐದು ಅಂಕ, ಪರಿಚಯ ಮಾಡಿಸುವ ಸಾಧನವಾಗಿ ನಾಲ್ಕು, ಪ್ರತಿದಿನ ಕೂತು ಓದುವ ತಾಣವಾಗಿ ಒಂದೂವರೆ. ಈ ವರ್ಷದ ಕಡತವನ್ನು ಮೊನ್ನೆ ಇಳಿಸಿಕೊಂಡೆ. ಯಾರೆಂದೇ ತಿಳಿಯದ ಹೆಸರುಗಳನ್ನು ತೆಗೆಯುತ್ತ ಬಂದದ್ದರಿಂದ ಪಟ್ಟಿ 512ಕ್ಕೆ ಇಳಿದಿದೆ. ಮೂರನೆಯ ಗುರುತು 73 ಹೆಸರುಗಳಿಗೆ ಬಿದ್ದಿದೆ. ‘ಕೊನೆಯ ಮಾತು’ ಅಂಕಣದಲ್ಲಿ ಒಬ್ಬರ ಮುಂದೆ ‘ಹೊಸ ತಂಡ, ಒಂಟಿ ಎನಿಸುತ್ತಿದೆ ಎಂದಿದ್ದರು’ ಎಂದು ಬರೆದುಕೊಂಡದ್ದಿದೆ, ದಿನಾಂಕ ಐದು ತಿಂಗಳ ಹಿಂದಿನದು. ಇದನ್ನು ಮುಗಿಸಿ ಅವರಿಗೆ ಬರೆಯಬೇಕು.